ಒಡ್ಡು ಒಡೆಯುವ ಕೈಯನ್ನು ತಡೆಯಿರಿ

ವಿಜಯಪುರ, ಬಾಗಲಕೋಟೆ, ಗದಗ, ಧಾರವಾಡ, ಹಾವೇರಿ ಸೀಮೆಯ ನನ್ನ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಈ ಮಾತನ್ನು ಬೇಸಿಗೆಯಲ್ಲೇ ಹೇಳಬೇಕು. ಹಿಂಗಾರಿ ಜೋಳ, ಕಡಲೆ ಮನೆ ಸೇರಿವೆ. ಹೊಲ ಖಾಲಿ ಬಿದ್ದಿದೆ. ಜೆಸಿಬಿ ತಾಸಿನ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತದೆ. ಇಳಿಜಾರಿಗೆ ಅಡ್ಡಲಾಗಿ ಹಾಕಿದ ಹಳೆಯ ಒಡ್ಡುಗಳು ಮಾಯವಾಗುವುದು ಈ ದಿನಗಳಲ್ಲೇ. ಟ್ರ್ಯಾಕ್ಟರ್ ತಿರುಗಿಸಲು ಅಡ್ಡಿಯಾಗುತ್ತದೆ ಎನ್ನುತ್ತಾರೆ. ನಾಲ್ಕು ಸಾಲು ಹೆಚ್ಚು ಬಿತ್ತಬಹುದು ಎನ್ನುತ್ತಾರೆ. ಪಾಲಾದಾಗ ಒಡ್ಡು ಪೂರ್ತಿ ನನ್ನ ಕಡೆಗೇ ಬಂತು, ನಾನೊಬ್ಬನೇ ಯಾಕೆ ನಷ್ಟ ಮಾಡಿಕೊಳ್ಳಲಿ ಎನ್ನುತ್ತಾರೆ. ಮಧ್ಯಾಹ್ನದ ಬುತ್ತಿ ಬಿಚ್ಚುವ ಹೊತ್ತಿಗೆ ಎಲ್ಲ ಸಪಾಟಾಗಿರುತ್ತದೆ. ಆ ಒಡ್ಡನ್ನು ಯಾರು ಹಾಕಿದರು, ಯಾವ ಹಸಿವಿನಲ್ಲಿ ಹಾಕಿದರು ಎಂದು ಯಾರೂ ಕೇಳುವುದಿಲ್ಲ. ನಾನು ಕೇಳುತ್ತಿದ್ದೇನೆ, ನೀವೂ ಕೇಳಿ ಎಂದು ಬೇಡುತ್ತಿದ್ದೇನೆ.

1942-43ರಲ್ಲಿ ಬಿಜಾಪುರ (ಇವತ್ತಿನ ವಿಜಯಪುರ) ಜಿಲ್ಲೆ ಬರಕ್ಕೆ ಸಿಕ್ಕಿತು. ಡೋಗಿ ಬರವನ್ನೂ 1876-78ರ ಮಹಾಬರವನ್ನೂ ಹಿರಿಯರ ಬಾಯಲ್ಲಿ ಕೇಳಿ ಬೆಳೆದ ಸೀಮೆ ಅದು. ಆಗ ನಾವಿದ್ದದ್ದು ಮುಂಬೈ ಪ್ರಾಂತ್ಯದಲ್ಲಿ. ಜನರ ಕೈಗೆ ಕೂಲಿ ಕೊಡಲು ಸರಕಾರ ಬರಗಾಲದ ಕಾಮಗಾರಿ ತೆರೆಯಿತು. ರಸ್ತೆಗೆ ಜಲ್ಲಿ ಒಡೆಯುವುದರ ಜೊತೆಗೆ ಹೊಲಗಳಿಗೆ ಒಡ್ಡು ಹಾಕುವ ಕೆಲಸವನ್ನೂ ಕೊಟ್ಟಿತು. ಗುದ್ದಲಿ ಹಿಡಿದವರು ಗಂಡಸರು, ಬುಟ್ಟಿ ಹೊತ್ತವರು ಹೆಂಗಸರು, ಹಿಂದೆ ಮಕ್ಕಳು. ಹೀಗೆ ಕೂಲಿಗೆ ನಿಂತವರಲ್ಲಿ ಬಹಳ ಮಂದಿಗೆ ಸ್ವಂತದ ಒಂದು ಗುಂಟೆಯೂ ಇರಲಿಲ್ಲ. ತಾವು ಎಂದೂ ಬಿತ್ತದ, ಎಂದೂ ರಾಶಿ ಮಾಡದ ನೆಲಕ್ಕೆ ಅವರು ಮಣ್ಣು ಹೊತ್ತರು. ಆ ಒಡ್ಡಿನ ಮೇಲ್ಭಾಗದಲ್ಲಿ ನಿಂತ ಹದದಿಂದ ಎಂಬತ್ತು ವರ್ಷ ಜೋಳ ಬೆಳೆದುಕೊಂಡವರು ನಾವು. ಒಡ್ಡು ನಿಮ್ಮ ಹೊಲದಲ್ಲಿ ಇರಬಹುದು, ಅದು ನಿಮ್ಮೊಬ್ಬರದಲ್ಲ.

ಇಂಥ ಮಣ್ಣಿನ ಕೆಲಸಕ್ಕೆ ನಮ್ಮಲ್ಲಿ ಹಳೆಯ ಗೌರವವಿದೆ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಶರಣ ಸಿದ್ಧರಾಮ ಕೆರೆ ತೋಡಿಸುವುದನ್ನೇ ಶಿವನ ಸೇವೆಯೆಂದು ತಿಳಿದವನು. ಮಣ್ಣಿನ ಕೆಲಸವನ್ನೇ ಬದುಕು ಮಾಡಿಕೊಂಡ ಬೋವಿ ಜನ ಇಂದಿಗೂ ಅವನನ್ನು ಗುರುವೆಂದು ಪೂಜಿಸುತ್ತಾರೆ. ಅದೇ ಸೊನ್ನಲಿಗೆ, ಅಂದರೆ ಸೊಲ್ಲಾಪುರದಲ್ಲಿ, 1933ರ ಹೊತ್ತಿಗೆ ಒಣಬೇಸಾಯದ ಸಂಶೋಧನಾ ಯೋಜನೆಯೊಂದರ ಕೇಂದ್ರ ಶುರುವಾಯಿತು. ಆ ಯೋಜನೆಯಲ್ಲಿ ದೇಶಕ್ಕೆಲ್ಲ ಐದೇ ಕೇಂದ್ರ: ಸೊಲ್ಲಾಪುರ, ಬಿಜಾಪುರ, ಹಗರಿ, ರಾಯಚೂರು ಮತ್ತು ಆಗಿನ ಪಂಜಾಬಿನ ರೋಹ್ಟಕ್. ಐದರಲ್ಲಿ ಮೂರು ಇವತ್ತಿನ ಕರ್ನಾಟಕದಲ್ಲಿವೆ. ಮಳೆಯನ್ನು ನಂಬಿದ ಬೇಸಾಯ ಹೇಗಿರಬೇಕು ಎಂಬ ಪ್ರಶ್ನೆಗೆ ಇಡೀ ದೇಶ ನಮ್ಮ ಎರೆಹೊಲದಲ್ಲಿ ಉತ್ತರ ಹುಡುಕಿತು.

ಆ ಕೇಂದ್ರಗಳವರು ಕಂಡುಕೊಂಡದ್ದು ನಿಮಗೆ ಗೊತ್ತಿರುವುದೇ. ವಿಜಯಪುರದಲ್ಲಿ ಮಳೆ ಕಡಿಮೆ. ಬಂದರೆ ಸೆಪ್ಟೆಂಬರಿನ ಆಚೀಚೆ ಕೆಲವೇ ದಿನಗಳಲ್ಲಿ ದಬದಬನೆ ಸುರಿಯುತ್ತದೆ. ಹಿಂಗಾರಿಗೆಂದು ಬಿಟ್ಟ ಹೊಲ ಮಳೆಗಾಲವಿಡೀ ಬೆತ್ತಲೆ. ಎರೆಮಣ್ಣು ಮೊದಲ ನೀರಿಗೆ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಬಿದ್ದ ನೀರು ಒಳಗಿಳಿಯದೆ ಹರಿಯುತ್ತದೆ, ಹರಿಯುವಾಗ ಮೇಲುಮಣ್ಣನ್ನೂ ಕೊಟ್ಟಿಗೆ ಗೊಬ್ಬರದ ಸಾರವನ್ನೂ ಒಯ್ಯುತ್ತದೆ. ಬಿತ್ತುವ ಹೊತ್ತಿಗೆ ಹದವೂ ಇಲ್ಲ, ಮಣ್ಣೂ ಇಲ್ಲ. ಹಾಗಾಗಿ ಆ ಕೇಂದ್ರಗಳು ಹೇಳಿದ ಬೇಸಾಯಕ್ರಮದಲ್ಲಿ ಒಡ್ಡಿಗೇ ಮೊದಲ ಸ್ಥಾನ. ಕೆಲವು ವರ್ಷಕ್ಕೊಮ್ಮೆ ಆಳವಾದ ನೇಗಿಲು, ಗೊಬ್ಬರ, ಕಡಿಮೆ ಬೀಜ, ಅಗಲ ಸಾಲು, ಮೇಲಿಂದ ಮೇಲೆ ಎಡೆ ಹೊಡೆಯುವುದು ಎಲ್ಲವೂ ಒಡ್ಡಿನ ನಂತರವೇ. ನಮ್ಮ ಹಿರಿಯರು ಮಾಡುತ್ತಿದ್ದ ಚೌಕು ಮಡಿಯೂ ಇದೇ ಲೆಕ್ಕ: ಬಿದ್ದ ನೀರು ಬಿದ್ದಲ್ಲೇ ನಿಂತು ಇಂಗಲಿ.

ಆಗ ಮಣ್ಣು ಕಳೆದುಕೊಂಡು ಕಂಗಾಲಾದವರು ನಾವಷ್ಟೇ ಅಲ್ಲ. ಅಮೆರಿಕದ ದೊಡ್ಡ ಬಯಲುಗಳಲ್ಲಿ ಹುಲ್ಲುಗಾವಲನ್ನು ಮನಬಂದಂತೆ ಉತ್ತು ಗೋಧಿ ಬಿತ್ತಿದ್ದರು. ಮಳೆ ಕೈಕೊಟ್ಟಾಗ 1935ರ ಏಪ್ರಿಲ್ 14ರ ಭಾನುವಾರ ಧೂಳಿನ ಗೋಡೆ ಎದ್ದು ಹಗಲನ್ನು ಕತ್ತಲು ಮಾಡಿತು. ಅದೇ ತಿಂಗಳ 27ಕ್ಕೆ ಮಣ್ಣಿನ ಸಂರಕ್ಷಣೆಗೆಂದೇ ಕಾಯ್ದೆಯಾಯಿತು, ಹ್ಯೂ ಹ್ಯಾಮಂಡ್ ಬೆನೆಟ್ ಅದರ ಇಲಾಖೆಯ ಮುಖ್ಯಸ್ಥನಾದ. ಅಲ್ಲಿಂದ ಎರಡು ವರ್ಷಕ್ಕೆ, 1937ರಲ್ಲಿ, ರೈತರೇ ಸೇರಿ ನಡೆಸುವ ಮಣ್ಣು ಸಂರಕ್ಷಣಾ ಜಿಲ್ಲೆಗಳು ಹುಟ್ಟಿದವು. ಮೊದಲನೆಯದು ಉತ್ತರ ಕೆರೊಲಿನಾದ ಬ್ರೌನ್ ಕ್ರೀಕ್, ಬೆನೆಟ್ ಹುಟ್ಟಿದ ಸೀಮೆ. ಅವರಿಗೆ ಹೊಳೆದದ್ದು ಇದು: ನೀರು ಬೇಲಿ ನೋಡಿ ಹರಿಯುವುದಿಲ್ಲ, ಹಾಗಾಗಿ ಒಬ್ಬ ರೈತ ಒಂಟಿಯಾಗಿ ತನ್ನ ಮಣ್ಣು ಉಳಿಸಿಕೊಳ್ಳಲಾರ.

ನಮ್ಮಲ್ಲಿ 1942ರ ಮುಂಬೈ ಜಮೀನು ಅಭಿವೃದ್ಧಿ ಯೋಜನೆಗಳ ಕಾಯ್ದೆ ಹೇಳಿದ್ದೂ ಅದನ್ನೇ. ಯೋಜನೆ ಸರ್ವೆ ನಂಬರಿನ ಲೆಕ್ಕದಲ್ಲಲ್ಲ, ಇಳಿಜಾರಿನ ಲೆಕ್ಕದಲ್ಲಿ. ತಕರಾರು ಕೇಳಿದ ಮೇಲೆ ಒಪ್ಪಿಗೆಯಾದ ಯೋಜನೆ ಎಲ್ಲರಿಗೂ ಅನ್ವಯ. ಹಾಕಿದ ಒಡ್ಡನ್ನು ಕಾಯ್ದುಕೊಳ್ಳುವ ಹೊಣೆ ಜಮೀನಿನವರದು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು. 1961ರಲ್ಲಿ ಇಲ್ಲಿಯೂ ಜಮೀನು ಅಭಿವೃದ್ಧಿ ಕಾಯ್ದೆ ಬಂತು. ಆದರೆ ಇವತ್ತು ಒಡ್ಡು ಒಡೆದವನ ಬಾಗಿಲಿಗೆ ಯಾರು ಬಂದು ಕೇಳುತ್ತಾರೆ?

ಇಲ್ಲಿ ಒಂದು ನ್ಯಾಯದ ಮಾತು ಹೇಳಲೇಬೇಕು. ಒಡ್ಡಿನ ಮೇಲೆ ರೈತರಿಗೆ ಬಂದ ಸಿಟ್ಟು ಸುಮ್ಮನೆ ಬಂದದ್ದಲ್ಲ. ಆ ಕಾಲದ ಇಲಾಖೆ ಮಸಾರಿಗೂ ಎರೆಗೂ ಒಂದೇ ಅಳತೆ ಹಿಡಿಯಿತು. ಮಸಾರಿ ನೆಲದಲ್ಲಿ, ಮಳೆ ಕಡಿಮೆಯಿರುವಲ್ಲಿ, ಸಮಪಾತಳಿ ಬದು ಚೆನ್ನಾಗಿಯೇ ನಿಂತಿತು. ಆಳವಾದ ಎರೆಯಲ್ಲಿ ಸೋತಿತು. ಬೇಸಿಗೆಯಲ್ಲಿ ಎರೆಭೂಮಿ ಬಾಯಿಬಿಟ್ಟು ಬಿರಿಯುತ್ತದೆ, ಆ ಬಿರುಕು ಒಡ್ಡನ್ನೂ ಸೀಳುತ್ತದೆ. ಮೊದಲ ದೊಡ್ಡ ಮಳೆಯ ನೀರು ಆ ಸೀಳಿನಲ್ಲಿ ನುಗ್ಗಿ ಒಡ್ಡನ್ನೇ ಕೊಚ್ಚಿಕೊಂಡು ಹೋಗುತ್ತದೆ. ಒಡೆಯದೆ ಉಳಿದಲ್ಲಿ ನೀರು ವಾರಗಟ್ಟಲೆ ನಿಂತು ಬೆಳೆ ಹಳದಿಯಾಗುತ್ತದೆ. ಮೇಲಾಗಿ ಸಮಪಾತಳಿ ಗೆರೆ ಹೊಲದ ಗಡಿಯನ್ನು ಲೆಕ್ಕಿಸದೆ ಓರೆಯಾಗಿ ಹಾಯ್ದು ಮೂಲೆಗಳನ್ನು ಕತ್ತರಿಸಿತು. ಎತ್ತು ತಿರುಗದ ತುಣುಕು ಉಳಿಯಿತು. ಇದನ್ನೆಲ್ಲ ರೈತ ಹೇಳಿದ. ಕೇಳಬೇಕಾದವರು ಬಹಳ ಕಾಲ ಕೇಳಲಿಲ್ಲ.

ಕೇಳಿದ್ದರೆ ಹುನಗುಂದದ ಕಡೆಯ ಹೊಲಗಳಲ್ಲಿ ಉತ್ತರ ಸಿಗುತ್ತಿತ್ತು. ಅಲ್ಲಿ ಹಿರಿಯರು ಒಡ್ಡನ್ನು ಬಾಗಿಲಿಲ್ಲದ ಗೋಡೆಯಂತೆ ಕಟ್ಟಿದವರಲ್ಲ. ಹೆಚ್ಚಾದ ನೀರು ಹೋಗಲು ಕಲ್ಲು ಜೋಡಿಸಿ ಗುಂಡಾವರ್ತಿ ಇಟ್ಟರು. ಬೇಕಾದಷ್ಟು ನೀರು ನಿಲ್ಲುತ್ತದೆ, ಮಣ್ಣು ಕೆಳಗೆ ಕೂರುತ್ತದೆ, ಮಿಕ್ಕ ನೀರು ಕಲ್ಲಿನ ಮೇಲಿಂದ ನಿಧಾನವಾಗಿ ಕೆಳಗಿನ ಹೊಲಕ್ಕೆ ಇಳಿಯುತ್ತದೆ. ಕೂತ ಮಣ್ಣಿನ ಮಟ್ಟ ಏರಿದಂತೆ ಒಡ್ಡನ್ನೂ ಕಲ್ಲನ್ನೂ ಏರಿಸುತ್ತ ಹೋದರು. ಒಂದೇ ವರ್ಷದಲ್ಲಿ ಮುಗಿಸಿ ಬಿಲ್ಲು ಬರೆಯುವ ಕೆಲಸವಲ್ಲ ಅದು; ಅಪ್ಪ ಶುರುಮಾಡಿದ್ದನ್ನು ಮಗ, ಮೊಮ್ಮಗ ಮುಂದುವರಿಸುವ ಕೆಲಸ. 1954ರಲ್ಲಿ ಬಳ್ಳಾರಿಯಲ್ಲಿ ಎರೆಭೂಮಿಗೆಂದೇ ಮಣ್ಣು ಸಂರಕ್ಷಣಾ ಸಂಶೋಧನಾ ಕೇಂದ್ರ ತೆರೆಯಿತು. ಆಳವಾದ ಎರೆಯಲ್ಲಿ ಒಡ್ಡಿಗೆ ಸ್ವಲ್ಪ ಇಳಿಜಾರು ಕೊಡಬೇಕು, ಹೆಚ್ಚಿನ ನೀರನ್ನು ಹುಲ್ಲು ಬೆಳೆಸಿದ ಹಾದಿಯಲ್ಲಿ ಹಳ್ಳಕ್ಕೆ ಬಿಡಬೇಕು ಎಂಬ ತಿಳಿವಳಿಕೆ ಆಮೇಲಿನ ವರ್ಷಗಳಲ್ಲಿ ಗಟ್ಟಿಯಾಯಿತು.

ಅಂದರೆ ಕೆಟ್ಟ ಒಡ್ಡಿಗೆ ಮದ್ದು ಕೋಡಿ ಮಾಡುವುದು, ಇಳಿಜಾರು ಸರಿಪಡಿಸುವುದು, ಅಕ್ಕಪಕ್ಕದವರು ಕೂತು ಗಡಿಯ ಸಮೀಪಕ್ಕೆ ಸರಿಸಿಕೊಳ್ಳುವುದು. ಕಿತ್ತು ಹಾಕುವುದು ಮದ್ದಲ್ಲ. ನೀವು ಒಡ್ಡು ಕಿತ್ತ ವರ್ಷ ನಿಮ್ಮ ಹೊಲಕ್ಕೆ ಏನೂ ಆಗದಿರಬಹುದು. ನಿಮ್ಮ ಕೆಳಗಿನ ಹೊಲದ ವಿಧವೆ ತಾಯಿಗೆ ಆಗುತ್ತದೆ. ನಿಮ್ಮ ಹೊಲದಲ್ಲಿ ತಡೆಯಿಲ್ಲದೆ ಓಡಿ ಬಂದ ನೀರು ಅವಳ ಒಡ್ಡನ್ನು ಮುರಿಯುತ್ತದೆ, ಅದರ ಕೆಳಗಿನದನ್ನು ಇನ್ನೂ ಜೋರಾಗಿ ಮುರಿಯುತ್ತದೆ. ಎರಡು ಮೂರು ಮಳೆಗಾಲದಲ್ಲಿ ಅಲ್ಲೊಂದು ಕೊರಕಲು ಬೀಳುತ್ತದೆ, ಅದು ಹಿಮ್ಮುಖವಾಗಿ ಕೊರೆಯುತ್ತ ನಿಮ್ಮ ಹೊಲಕ್ಕೇ ಏರಿ ಬರುತ್ತದೆ. ಅಷ್ಟು ಹೊತ್ತಿಗೆ ಅವಳ ಭೂಮಿ ಹೋಗಿರುತ್ತದೆ. ನಾಲ್ಕು ಸಾಲು ಜೋಳಕ್ಕಾಗಿ ನೆರೆಯವಳ ಅನ್ನ ಕಿತ್ತುಕೊಳ್ಳಲು ನಿಮ್ಮ ಮನಸ್ಸು ಒಪ್ಪುತ್ತದೆಯೇ?

ಹೊಲ ಬಿಟ್ಟ ಮಣ್ಣು ಎಲ್ಲಿಗೆ ಹೋಗುತ್ತದೆಂದು ನೋಡಬೇಕಾದರೆ ಹೊಸಪೇಟೆಗೆ ಹೋಗಿ. 1953ರಲ್ಲಿ ನೀರು ನಿಂತ ತುಂಗಭದ್ರಾ ಜಲಾಶಯದ ಸಾಮರ್ಥ್ಯ ಆಗ ಸುಮಾರು 133 ಟಿಎಂಸಿ ಅಡಿ. ಈಗ ಲೆಕ್ಕಕ್ಕೆ ಹಿಡಿಯುವುದು 105.788. ಮಿಕ್ಕ ಜಾಗದಲ್ಲಿ ಹೂಳು. ಅದರಲ್ಲಿ ಗಣಿಯ ಮಣ್ಣಿದೆ, ಕಾಡು ಕಡಿದ ಗುಡ್ಡಗಳ ಮಣ್ಣಿದೆ. ಶಿವಮೊಗ್ಗ, ದಾವಣಗೆರೆ, ಹಾವೇರಿಯ ಹೊಲಗಳ ಮೇಲುಮಣ್ಣೂ ಇದೆ. ರಾಯಚೂರಿನ ಕಡೆ ಕಾಲುವೆಯ ಕೊನೆಯಲ್ಲಿ ಭತ್ತ ಒಣಗುವುದನ್ನು ನೋಡುತ್ತ ನಿಂತ ರೈತನಿಗೆ ಸಿಗದ ನೀರಿನ ಜಾಗದಲ್ಲಿ ಮೇಲಿನವರು ಕಳೆದುಕೊಂಡ ಮಣ್ಣು ಕೂತಿದೆ. ವಿಜಯಪುರದವರಿಗೆ ಅಷ್ಟು ದೂರ ಹೋಗಬೇಕಿಲ್ಲ, ಹೂಳು ತುಂಬಿದ ಡೋಣಿ ಹೊಳೆ ಹೊಲಗಳಿಗೆ ನುಗ್ಗುವುದನ್ನು ಕಂಡರೆ ಸಾಕು. 1983ರಲ್ಲಿ ಧ್ರುವನಾರಾಯಣ ಮತ್ತು ರಾಮ್ ಬಾಬು ಎಂಬ ವಿಜ್ಞಾನಿಗಳು ದೇಶದ ಲೆಕ್ಕ ಹಾಕಿದರು: ವರ್ಷಕ್ಕೆ ಸುಮಾರು 533 ಕೋಟಿ ಟನ್ ಮಣ್ಣು ಸವಕಳಿ, ಹೆಕ್ಟೇರಿಗೆ ಸರಾಸರಿ 16 ಟನ್ನಿಗಿಂತ ಹೆಚ್ಚು. ಅದರಲ್ಲಿ ಹತ್ತನೆಯ ಒಂದು ಪಾಲು ಜಲಾಶಯಗಳ ಹೊಟ್ಟೆಗೆ, ಮೂರನೆಯ ಒಂದು ಪಾಲಿನ ಹತ್ತಿರ ಸಮುದ್ರಕ್ಕೆ.

ಹೊಲದ ಮಾತಾಯಿತು, ಹುಲ್ಲಿನ ನೆಲದ ಗತಿ ಇದಕ್ಕಿಂತ ಕೆಟ್ಟದ್ದು. ಹಳೇ ಮೈಸೂರಿನ ಅಮೃತ ಮಹಲ್ ದನಗಳ ಕಾವಲುಗಳಲ್ಲಿ ಬೇಸಿಗೆಯ ಕಾವಲು ಬೇರೆ, ಮಳೆಗಾಲದ್ದು ಬೇರೆ, ಚಳಿಗಾಲದ್ದು ಬೇರೆ ಎಂದು ವಿಂಗಡಣೆ ಇತ್ತು. ದನ ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಹಿಂದಿನ ಕಾವಲಿನ ಹುಲ್ಲು ಚಿಗುರಿ ಬೀಜ ಕಟ್ಟಿಕೊಳ್ಳುತ್ತಿತ್ತು. ಅಮೆರಿಕ 1934ರಲ್ಲಿ ಮೇವಿನ ಬಯಲುಗಳಿಗೆ ಕಾನೂನು ಮಾಡಿ ಕಲಿಯಲು ಹೊರಟ ಸಂಯಮ ನಮ್ಮಲ್ಲಿ ಮೊದಲೇ ಇತ್ತು. ಹೆಚ್ಚು ಆಹಾರ ಬೆಳೆಯಿರಿ ಎಂಬ ಆಂದೋಲನದ ಕಾಲದಿಂದ ಆ ಕಾವಲುಗಳು ತುಂಡುತುಂಡಾಗಿ ನೇಗಿಲಿಗೆ ಸಿಕ್ಕವು. ಹಸಿದ ದೇಶಕ್ಕೆ ಅನ್ನ ಬೇಕಿತ್ತು, ಆ ದಿನದವರನ್ನು ನಾನು ದೂರಲಾರೆ. ಇವತ್ತಿನವರನ್ನು ದೂರುತ್ತೇನೆ. 1966ರ ಭೂಕಂದಾಯ ನಿಯಮಗಳು ನೂರು ದನಕ್ಕೆ 30 ಎಕರೆ ಗೋಮಾಳ, ನಮ್ಮ ಕಡೆಯ ಮಾತಿನಲ್ಲಿ ಗಾಯರಾಣ, ಇರಬೇಕು ಎನ್ನುತ್ತವೆ. ನಿಮ್ಮ ಊರಿನ ಗಾಯರಾಣ ಪಹಣಿಯಲ್ಲಿ ಎಷ್ಟಿದೆ, ನೆಲದ ಮೇಲೆ ಎಷ್ಟು ಉಳಿದಿದೆ? ಇಳಿಜಾರಿನ ತಲೆಯಲ್ಲಿರುವ ಆ ಹುಲ್ಲುನೆಲ ಬೋಳಾದರೆ ಕೆಳಗಿನ ಯಾವ ಒಡ್ಡೂ ತಡೆಯಲಾರದು. ಕುರಿಗಾರನನ್ನು ಬೈದು ಪ್ರಯೋಜನವಿಲ್ಲ. ಅವನ ಕುರಿಗಳನ್ನು ಕೊನೆಯ ಹತ್ತು ಎಕರೆಗೆ ನೂಕಿದವರು ಒತ್ತುವರಿದಾರರು, ಅದನ್ನು ಕಂಡೂ ಸಹಿ ಹಾಕಿದವರು.

ಇಂಜಿನಿಯರರೇ, ಕೃಷಿ ಅಧಿಕಾರಿಗಳೇ, ನಿಮಗೂ ಒಂದು ಮಾತು. ಉದ್ಯೋಗ ಖಾತ್ರಿಯಲ್ಲಿ ಬದು ಹಾಕಿಸುತ್ತೀರಿ, ಸಂತೋಷ. ಆದರೆ ಕೋಡಿಯಿಲ್ಲದ ಬದು ಮೊದಲ ಮಳೆಗೆ ಹೋಗುತ್ತದೆಂದು ನಿಮಗೆ ಗೊತ್ತಿದ್ದೂ ಮೀಟರಿನ ಲೆಕ್ಕ ತುಂಬಿಸಲು ಹಾಕಿಸಬೇಡಿ. ಎರೆಗೆ ಎರೆಯ ಅಳತೆ, ಮಸಾರಿಗೆ ಮಸಾರಿಯ ಅಳತೆ. ಬದುವಿನ ಮೇಲೆ ಹುಲ್ಲು ಹಿಡಿಸಿ. ಗುಂಡ್ಲುಪೇಟೆಯ ರೈತರು ಯಾವ ಯೋಜನೆಯೂ ಇಲ್ಲದೆ ತಲೆತಲಾಂತರದಿಂದ ಗಡಿಯಲ್ಲಿ ಲಾವಂಚ ಬೆಳೆಸಿ ಮಣ್ಣು ಹಿಡಿದವರು. ಪಟ್ಟಣ ಸೇರಿ ಹೊಲವನ್ನು ಲಾವಣಿಗೆ ಕೊಟ್ಟವರೇ, ಒಂದು ವರ್ಷದ ಗೇಣಿದಾರ ನಿಮ್ಮ ಒಡ್ಡಿಗೆ ಮಣ್ಣು ಹಾಕುವುದಿಲ್ಲ, ಹಾಕು ಎಂದು ಹೇಳುವ ಹಕ್ಕೂ ನಿಮಗಿಲ್ಲ. ಆ ಖರ್ಚು ನಿಮ್ಮದು. ಈ ವರ್ಷದ ಲಾವಣಿ ಹಣದಲ್ಲಿ ಒಂದು ಪಾಲು ಹೊಲಕ್ಕೇ ವಾಪಸು ಕಳಿಸಿ.

ರೋಹಿಣಿ ಮಳೆಗೆ ಮುಂಚೆ ಪ್ರತಿ ಹಳ್ಳದ ದಂಡೆಯ ಹೊಲದವರು ಒಂದು ದಿನ ಕೂಡಿ, ಇಳಿಜಾರಿನ ತಲೆಯಿಂದ ಕೆಳಗಿನವರೆಗೆ ನಡೆಯಿರಿ. ಎಲ್ಲಿ ಒಡ್ಡು ತೆಳುವಾಗಿದೆ, ಎಲ್ಲಿ ಇಲಿ ತೂತು ಮಾಡಿದೆ, ಎಲ್ಲಿ ಗುಂಡಾವರ್ತಿಯ ಕಲ್ಲು ಮನೆಕಟ್ಟಲು ಹೋಗಿದೆ ಎಂದು ಗುರುತು ಮಾಡಿ. ನೀರು ಹರಿಯುವ ಹಾದಿ ಎಲ್ಲಿರುತ್ತದೆಂದು ಹಿರಿಯರನ್ನು ಕೇಳಿ. ಆ ಹಾದಿಯನ್ನು ಮುಚ್ಚಿ ಬಿತ್ತಿದವರಿಗೆ ಕೈಮುಗಿದು ಹೇಳಿ, ಕೇಳದಿದ್ದರೆ ಗ್ರಾಮಸಭೆಯಲ್ಲಿ ಹೆಸರು ಹಿಡಿದು ಹೇಳಿ. ಅದೇ ಸಭೆಯಲ್ಲಿ ಗಾಯರಾಣದ ಅಳತೆಗೆ ಅರ್ಜಿ ಕೊಡಿ, ಹೊಸ ಬದುವಿಗೆ ಕೇಳುವಷ್ಟೇ ಗಟ್ಟಿಯಾಗಿ ಹಳೆಯ ಒಡ್ಡಿನ ದುರಸ್ತಿಗೂ ಹಣ ಕೇಳಿ, ಆ ಕೂಲಿಯ ಮೊದಲ ಹಕ್ಕು ಊರಿನ ಭೂಮಿಯಿಲ್ಲದವರದು ಎಂದು ನಡಾವಳಿಯಲ್ಲಿ ಬರೆಸಿ.