ವೃತ್ತಪತ್ರಿಕೆಯ ಸ್ವಾತಂತ್ರ್ಯವೂ ಓದುಗರ ಹೊಣೆಯೂ

ಪತ್ರಿಕಾ ಸ್ವಾತಂತ್ರ್ಯಕ್ಕಾಗಿ ಊರಿನ ಜನರು ಶಾಂತರಾಗಿ ಒಂದೆಡೆ ನೆರೆದರೆ, ಅದನ್ನು ಕಂಡು ಮೂಗು ಮುರಿಯುವ ವಿದ್ಯಾವಂತರಿಗೆ ಎಂದೂ ಕೊರತೆಯಿಲ್ಲ. ಅವರ ಆಕ್ಷೇಪಣೆಗಳು ಮೂರು. ಇದು ಸಂಪಾದಕರ ಜಗಳ, ಗೃಹಸ್ಥರಿಗೆ ಇದರಲ್ಲೇನು ಕೆಲಸ ಎಂಬುದು ಮೊದಲನೆಯದು. ಪತ್ರಿಕೆಗಳು ನಾಲಗೆಯನ್ನು ಹರಿಯಬಿಟ್ಟಿವೆ, ಅವುಗಳಿಗೆ ಕಡಿವಾಣ ಬೇಕೇ ಬೇಕು ಎಂಬುದು ಎರಡನೆಯದು. ಸಭೆ ಸೇರಿ ನಿರ್ಣಯ ಮಾಡಿದ ಮಾತ್ರಕ್ಕೆ ಯಾವ ಕಾಯಿದೆ ತಾನೆ ಬಿದ್ದುಹೋದೀತು ಎಂಬುದು ಮೂರನೆಯದು. ಈ ಮೂರಕ್ಕೂ 1878ರಲ್ಲಿ ಕಲ್ಕತ್ತೆಯ ಟೌನ್ ಹಾಲಿನಲ್ಲಿ ನೆರೆದ ಜನರು ಉತ್ತರ ಕೊಟ್ಟಿದ್ದಾರೆ. ಆ ಉತ್ತರವನ್ನು ಮರೆತವರಿಗೆ ಅದನ್ನು ನೆನಪಿಗೆ ತರುವುದು ಅವಶ್ಯವಾಗಿದೆ.

ಆ ವರ್ಷದ ಮಾರ್ಚಿ 14ರಂದು, ಲಾರ್ಡ್ ಲಿಟ್ಟನ್ ವೈಸರಾಯಿಯಾಗಿದ್ದಾಗ, ದೇಶಭಾಷಾ ಪತ್ರಿಕೆಗಳ ಕಾಯಿದೆಯು ಶಾಸನಸಭೆಯ ಒಂದೇ ಬೈಠಕಿನಲ್ಲಿ ಅಂಗೀಕೃತವಾಯಿತು. ಇದರ ಪ್ರಕಾರ ಮ್ಯಾಜಿಸ್ಟ್ರೇಟನು ದೇಶಭಾಷೆಯ ಪತ್ರಿಕೆಯ ಮುದ್ರಕನಿಂದಲೂ ಪ್ರಕಾಶಕನಿಂದಲೂ ಮುಚ್ಚಳಿಕೆ ಬರೆಯಿಸಿಕೊಳ್ಳಬಹುದು, ಠೇವಣಿ ಕೇಳಬಹುದು, ಬರೆದುದು ಹಿತವಾಗದಿದ್ದರೆ ಠೇವಣಿಯನ್ನೂ ಅಚ್ಚಿನ ಯಂತ್ರವನ್ನೂ ಜಪ್ತಿ ಮಾಡಬಹುದು. ಇದರ ಮೇಲೆ ನ್ಯಾಯಾಲಯಕ್ಕೆ ಅಪೀಲಿಲ್ಲ. ಇದರಿಂದ ಪಾರಾಗಬೇಕೆನ್ನುವವನು ಕರಡಚ್ಚನ್ನು ಮುಂದಾಗಿಯೇ ಅಧಿಕಾರಿಗೆ ಒಪ್ಪಿಸಬೇಕು.

ಇಂಗ್ಲಿಷ್ ಪತ್ರಿಕೆಗಳಿಗೆ ಈ ಕಾಯಿದೆಯ ಗೊಡವೆಯೇ ಇರಲಿಲ್ಲ. ಬಂಗಾಳಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಪ್ರಕಟವಾಗುತ್ತಿದ್ದ ‘ಅಮೃತ ಬಜಾರ್ ಪತ್ರಿಕಾ’ ಮಾರ್ಚಿ 21ರ ಸಂಚಿಕೆಯಿಂದ ಪೂರ್ತಿಯಾಗಿ ಇಂಗ್ಲಿಷಿಗೆ ತಿರುಗಿ ಅದರ ಕೈಯಿಂದ ತಪ್ಪಿಸಿಕೊಂಡಿತು. ಸಂಪಾದಕರು ಅವರೇ, ಅಭಿಪ್ರಾಯಗಳೂ ಅವೇ. ಭಾಷೆ ಬದಲಾದೊಡನೆ ಅಪರಾಧವೇ ಇಲ್ಲವಾಯಿತು! ಹಾಗಾದರೆ ಆ ಕಾಯಿದೆಯ ಕಣ್ಣು ಯಾರ ಮೇಲಿತ್ತು? ಇಂಗ್ಲಿಷ್ ಬಲ್ಲವರು ಬೆರಳೆಣಿಕೆಯ ಮಂದಿ. ದೇಶಭಾಷೆಯ ಪತ್ರಿಕೆಯಾದರೋ ಅಂಗಡಿಯ ಜಗಲಿಯಲ್ಲಿ ಒಬ್ಬನು ಓದಿದರೆ ಹತ್ತು ಮಂದಿ ಕೇಳುವಂಥದು. ಮನೆಯೊಳಗೆ ಹೆಂಗಸರ ಕೈಗೂ ಸೇರುವಂಥದು. ಸರಕಾರವು ಅಂಜಿದ್ದು ಆ ಓದುಗರಿಗೆ. ಸಂಪಾದಕರು ಜಾಣ್ಮೆಯಿಂದ ಉಳಿದುಕೊಂಡರು. ಬಂಗಾಳಿಯೊಂದನ್ನೇ ಬಲ್ಲ ಗೃಹಸ್ಥನು ತನ್ನ ಪತ್ರಿಕೆಯನ್ನು ಕಳೆದುಕೊಂಡನು. ಇದು ಗೃಹಸ್ಥರಿಗೆ ಸಂಬಂಧಿಸಿದ ವಿಷಯವಲ್ಲವೆಂದು ಇನ್ನು ಯಾವ ಬಾಯಿಂದ ಹೇಳುವುದು?

ಕಡಿವಾಣದ ಮಾತು ಕೇಳುವುದಕ್ಕೆ ಸೊಗಸಾಗಿದೆ. ಪತ್ರಿಕೆಗಳು ತಪ್ಪು ಮಾಡುವುದಿಲ್ಲವೆಂದು ಯಾರೂ ವಾದಿಸಬೇಕಾಗಿಲ್ಲ. ಅವು ಸುಳ್ಳನ್ನು ಬರೆದದ್ದುಂಟು, ಮಾನವಂತರ ಮಾನವನ್ನು ಬೀದಿಗೆಳೆದದ್ದೂ ಉಂಟು. ಆದರೆ ಅದಕ್ಕೆ ನ್ಯಾಯಾಲಯಗಳಿವೆ. ರಾಜದ್ರೋಹದ ವಿಧಿಯನ್ನು 1870ರಲ್ಲಿಯೇ ದಂಡಸಂಹಿತೆಗೆ ಸೇರಿಸಲಾಗಿತ್ತು. ಅದರಂತೆ ನಡೆಯಬೇಕಾದರೆ ಆರೋಪವನ್ನು ಬಹಿರಂಗವಾಗಿ ಸ್ಥಾಪಿಸಬೇಕು, ಎದುರುವಾದಿಯ ಉತ್ತರವನ್ನೂ ಕೇಳಬೇಕು. 1878ರ ಕಾಯಿದೆ ಈ ತೊಂದರೆಯನ್ನು ತಪ್ಪಿಸಿ, ದೂರುವವನನ್ನೇ ತೀರ್ಪುಗಾರನನ್ನಾಗಿ ಕೂರಿಸಿತು. ಕುದುರೆಗೆ ಕಡಿವಾಣ ಹಾಕುವುದು ಬೇರೆ, ಅದರ ಬಾಯಿಯನ್ನೇ ಹೊಲಿಯುವುದು ಬೇರೆ.

ಏಪ್ರಿಲ್ 17ರಂದು ಕಲ್ಕತ್ತೆಯ ಟೌನ್ ಹಾಲಿನಲ್ಲಿ ಸಾರ್ವಜನಿಕ ಸಭೆ ನೆರೆಯಿತು. ಸುರೇಂದ್ರನಾಥ ಬ್ಯಾನರ್ಜಿಯವರೂ ಆನಂದಮೋಹನ ಬೋಸರೂ 1876ರಲ್ಲಿ ಕಟ್ಟಿದ್ದ ಇಂಡಿಯನ್ ಅಸೋಸಿಯೇಷನ್ ಸಂಘವು ಅದನ್ನು ಕರೆದಿತ್ತು. ಜಮೀನುದಾರರ ಸಂಘವಾದ ಬ್ರಿಟಿಷ್ ಇಂಡಿಯನ್ ಅಸೋಸಿಯೇಷನ್ ದೂರ ನಿಂತಿತು. ದೊಡ್ಡವರ ಆಸನಗಳು ಬರಿದಾಗಿದ್ದರೂ ಸಭಾಂಗಣವು ಮಧ್ಯಮ ವರ್ಗದ ಜನರಿಂದ ಕಿಕ್ಕಿರಿಯಿತು. ಅವರು ಯಾರ ಮೇಲೂ ಕೈಯೆತ್ತದೆ ಪಾರ್ಲಿಮೆಂಟಿಗೆ ಬಿನ್ನವತ್ತಳೆಯನ್ನು ಕಳುಹಿಸಲು ನಿಶ್ಚಯಿಸಿ ಮನೆಗೆ ಮರಳಿದರು.

ಫಲವೇನಾಯಿತೆಂದು ಕೇಳುವವರು ಲೆಕ್ಕವನ್ನು ಕೊನೆಯವರೆಗೆ ನೋಡಬೇಕು. ಜುಲೈ ತಿಂಗಳಲ್ಲಿ ಗ್ಲ್ಯಾಡ್‌ಸ್ಟನ್ ಅವರು ಕಾಮನ್ಸ್ ಸಭೆಯಲ್ಲಿ ಈ ವಿಷಯವನ್ನೆತ್ತಿದರು; 152 ಮತಗಳು ಪರವಾಗಿ, 208 ವಿರುದ್ಧವಾಗಿ ಬಿದ್ದು ಸೋತರು. ಆದರೂ ಆ ವರ್ಷ ಮುಗಿಯುವುದರೊಳಗಾಗಿ ಕರಡಚ್ಚು ಒಪ್ಪಿಸುವ ವಿಧಿಯನ್ನು ಕೈಬಿಡಲಾಯಿತು. 1879ರಲ್ಲಿ ಮುಚ್ಚಳಿಕೆ ಕೇಳಿದಾಗ ‘ಸೋಮಪ್ರಕಾಶ’ವು ಬರೆದುಕೊಡಲೊಲ್ಲದೆ ನಿಂತುಹೋಯಿತು. 1880ರಲ್ಲಿ ಗ್ಲ್ಯಾಡ್‌ಸ್ಟನ್ ಪ್ರಧಾನಿಯಾದರು. ಲಿಟ್ಟನ್ ಹೋಗಿ ರಿಪ್ಪನ್ ಬಂದರು. 1882ರಲ್ಲಿ ಕಾಯಿದೆ ರದ್ದಾಯಿತು. ಒಂದು ಸಭೆಯೇ ಇದನ್ನೆಲ್ಲ ಮಾಡಿತೆನ್ನುವುದು ಅತಿಶಯೋಕ್ತಿ. ಆದರೆ ಕಲ್ಕತ್ತೆಯ ಜನರು ಮೌನವಾಗಿದ್ದರೆ, ಪ್ರಜೆಗಳೇ ಒಪ್ಪಿದ್ದಾರೆಂದು ಹೇಳುವುದು ಲಿಟ್ಟನ್ನರಿಗೆ ಎಷ್ಟು ಸುಲಭವಾಗುತ್ತಿತ್ತು!

ಇದು ಪರಕೀಯರ ದೋಷವೆಂದು ಸಮಾಧಾನಪಟ್ಟುಕೊಳ್ಳುವುದಕ್ಕೂ ಅವಕಾಶವಿಲ್ಲ. ಮೈಸೂರು ಸಂಸ್ಥಾನವು 1908ರಲ್ಲಿ, ಸರಕಾರದ ಅಪ್ಪಣೆಯಿಲ್ಲದೆ ಯಾರೂ ಪತ್ರಿಕೆ ಹೊರಡಿಸಕೂಡದೆಂದು ನಿಬಂಧನೆ ಮಾಡಿತು, ಎಂ. ವೆಂಕಟಕೃಷ್ಣಯ್ಯನವರು ಅದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ಅಂದು ಆಳುತ್ತಿದ್ದವರು ಸ್ವದೇಶದ ಮಹಾರಾಜರು. ಸ್ವತಂತ್ರ ಭಾರತದಲ್ಲಿ, 1988ರಲ್ಲಿ, ಮಾನಹಾನಿ ವಿಧೇಯಕವು ಲೋಕಸಭೆಯನ್ನು ದಾಟಿತು. ಸೆಪ್ಟೆಂಬರಿನಲ್ಲಿ ಪತ್ರಿಕೋದ್ಯೋಗಿಗಳು ದಿಲ್ಲಿಯ ಬೀದಿಗಳಲ್ಲಿ ಮೆರವಣಿಗೆ ನಡೆದರು; ಅದೇ ತಿಂಗಳು ಸರಕಾರವು ವಿಧೇಯಕವನ್ನು ಹಿಂತೆಗೆದುಕೊಂಡಿತು. ಆಳುವವರು ಯಾರೇ ಆಗಲಿ, ಟೀಕೆಯನ್ನು ಸಹಿಸುವ ಗುಣವು ಅವರಿಗೆ ಹುಟ್ಟಿನಿಂದ ಬರುವುದಿಲ್ಲ. ಪ್ರಜೆಗಳು ಅದನ್ನು ಕಲಿಸಬೇಕಾಗುತ್ತದೆ.

ಭಾರತದ ಸಂವಿಧಾನದ 19ನೆಯ ಅನುಚ್ಛೇದವು ವಾಕ್ಸ್ವಾತಂತ್ರ್ಯವನ್ನು ಎಲ್ಲ ಪ್ರಜೆಗಳಿಗೂ ಕೊಟ್ಟಿದೆ. ಪತ್ರಿಕೆಯ ಹೆಸರನ್ನು ಅಲ್ಲಿ ಬೇರೆಯಾಗಿ ಎತ್ತಿಲ್ಲ. ಪತ್ರಿಕೆಯನ್ನು ಓದುಗರಿಗೆ ತಲಪಿಸುವ ಹಕ್ಕೂ ಆ ಸ್ವಾತಂತ್ರ್ಯದ ಅಂಗವೆಂದು ಸರ್ವೋಚ್ಚ ನ್ಯಾಯಾಲಯವು 1950ರಲ್ಲಿ ರೊಮೇಶ್ ಥಾಪರ್ ಅವರ ಮೊಕದ್ದಮೆಯಲ್ಲಿ ನಿರ್ಣಯಿಸಿತು. ಪತ್ರಿಕೆಯು ಪ್ರಜೆಯಿಂದ ಪಡೆದ ಅಧಿಕಾರದಿಂದ ಮಾತನಾಡುತ್ತಿರುವಾಗ, ಅದರ ಬಾಯಿ ಕಟ್ಟಿದ ದಿನ ಪ್ರಜೆಯು ಕೈಕಟ್ಟಿ ಕುಳಿತಿರುವುದು ಯಾವ ನ್ಯಾಯ?

ಆದುದರಿಂದ ಇಂಥ ಸಭೆಗೆ ಕರೆ ಬಂದಾಗ ವಿದ್ಯಾವಂತ ಕುಟುಂಬಗಳವರು ಹೋಗತಕ್ಕದ್ದು, ಬಿನ್ನವತ್ತಳೆಯನ್ನು ಓದಿ ನೋಡಿ ರುಜು ಹಾಕತಕ್ಕದ್ದು, ಶಾಂತಿಯನ್ನು ಕಾಯತಕ್ಕದ್ದು. ಪೀಡಿತವಾದ ಪತ್ರಿಕೆ ತಮಗೆ ಒಪ್ಪದ ಮತದ್ದಾಗಿದ್ದರೂ ಹೋಗತಕ್ಕದ್ದು. ತಮಗೆ ಬೇಕಾದ ಪತ್ರಿಕೆಗೆ ಮಾತ್ರ ಸ್ವಾತಂತ್ರ್ಯವನ್ನು ಕೋರುವಷ್ಟು ಔದಾರ್ಯವು ಲಾರ್ಡ್ ಲಿಟ್ಟನ್ನರಲ್ಲಿಯೂ ಇತ್ತು.