ಎಲ್ಲರೂ ಒಪ್ಪಿದ ಮಾತಿಗೆ ಕಾವಲುಗಾರರು ಯಾರು?

ಹುಣ್ಣಿಮೆಯ ದಿನ ಹುಲಿಗಿಗೆ ಹೋಗಿ ಬಂದ ವಾಚಕರಿಗೆ ಅಲ್ಲಿಯ ಜನಸಂದಣಿಯನ್ನು ನಾವು ವರ್ಣಿಸಿ ಹೇಳಬೇಕಾಗಿಲ್ಲ. ತುಂಗಭದ್ರೆಯ ದಡದ ಆ ಸಣ್ಣ ಊರಿನಲ್ಲಿ ಅಂದು ಕಾಲಿಡಲು ಸ್ಥಳವಿರುವುದಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗೆಗಳ ರೈತರು, ಹೊಳೆಯಾಚೆಯ ಹೊಸಪೇಟೆಯ ಕೂಲಿಕಾರರು, ಆಂಧ್ರ ತೆಲಂಗಾಣಗಳ ಯಾತ್ರಿಕರು, ಎಲ್ಲರೂ ಹುಲಿಗೆಮ್ಮನ ಗುಡಿಯ ಮುಂದೆ ಒಂದೇ ಸಾಲಿನಲ್ಲಿ ನಿಂತಿರುತ್ತಾರೆ. ಯಾರು ಯಾವ ಪಕ್ಷಕ್ಕೆ ಮತ ಕೊಟ್ಟವರೆಂದು ಅಲ್ಲಿ ಕೇಳುವವರಿಲ್ಲ. ದರ್ಶನ ಮುಗಿಸಿ ಊರ ದಾರಿ ಹಿಡಿಯುವಾಗ ಅವರ ಮಾತೂ ಒಂದೇ ಆಗಿರುತ್ತದೆ: ಶಾಲೆಗೆ ಮಾಸ್ತರರು ಬಂದರೇ? ಹೊಲಕ್ಕೆ ನೀರು ಎಂದು? ಓದಿದ ಮಗನಿಗೆ ನೌಕರಿ ಎಲ್ಲಿ?

ಈ ಮೂರು ಪ್ರಶ್ನೆಗಳಿಗೆ ಉತ್ತರ ಕೊಡುವೆವೆಂದು ನಾಡಿನ ಪಕ್ಷಗಳೆಲ್ಲವೂ ಕೂಡಿ ಒಂದು ಸಲ ಮಾತು ಕೊಟ್ಟಿದ್ದವು. ಆ ಮಾತು ಭಾರತದ ಸಂವಿಧಾನದಲ್ಲಿಯೇ 371(ಜೆ) ಎಂಬ ಕಲಮಾಗಿ ಅಚ್ಚಾಗಿದೆ. ಅದು ಹೇಗೆ ಹುಟ್ಟಿತು, ಇಂದು ಅದರ ಗತಿಯೇನು, ಮುಂದೆ ಅದನ್ನು ಕಾಯತಕ್ಕವರು ಯಾರು ಎಂಬುದನ್ನು ನಮ್ಮ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಪಕ್ಷಭೇದವನ್ನು ಬದಿಗಿಟ್ಟು ದೂರದ ಗುರಿಯನ್ನು ಒಪ್ಪಿಕೊಳ್ಳುವುದು ಕನ್ನಡಿಗರಿಗೆ ಹೊಸದಲ್ಲ. ಏಕೀಕರಣದ ಚರಿತ್ರೆಯೇ ಅದಕ್ಕೆ ಸಾಕ್ಷಿ. 1924ರಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ಸಮಯದಲ್ಲಿ ನೆರೆದ ಪ್ರಥಮ ಏಕೀಕರಣ ಪರಿಷತ್ತಿನ ಅಧ್ಯಕ್ಷರು ಸಿದ್ದಪ್ಪ ಕಂಬಳಿಯವರು. ಮುಂದೆ ಅವರ ರಾಜಕೀಯ ಮಾರ್ಗ ಕಾಂಗ್ರೆಸ್ಸಿನದಾಗಿರಲಿಲ್ಲ. ಕಾಂಗ್ರೆಸ್ಸಿನ ನಿಜಲಿಂಗಪ್ಪನವರೂ ಸಮಾಜವಾದಿ ಶಾಂತವೇರಿ ಗೋಪಾಲಗೌಡರೂ ಬೇರೆ ಎಲ್ಲ ವಿಷಯಗಳಲ್ಲಿ ಹೋರಾಡಿದರೂ ಒಂದಾದ ಕರ್ನಾಟಕದ ವಿಷಯದಲ್ಲಿ ಒಂದೇ ದನಿಯಾಗಿದ್ದರು. ಇತ್ತ ಹೈದರಾಬಾದ ಸಂಸ್ಥಾನದ ಗಡಿಯಲ್ಲಿ ಅಳವಂಡಿಯ ಶಿವಮೂರ್ತಿಸ್ವಾಮಿಗಳು ಮುಂಡರಗಿಯ ಶಿಬಿರವನ್ನೂ, ಪುಂಡಲೀಕಪ್ಪ ಜ್ಞಾನಮೋಠೆಯವರು ಗಜೇಂದ್ರಗಡದ ಶಿಬಿರವನ್ನೂ ನಡೆಯಿಸಿ ನಿಜಾಮನ ಆಳಿಕೆಯ ವಿರುದ್ಧ ನಿಂತಾಗ, ಅವರ ಬೆನ್ನಿಗಿದ್ದದ್ದು ಈ ನಾಲ್ಕು ತಾಲೂಕುಗಳ ಸಾಮಾನ್ಯ ಜನತೆ. 1948ರ ಸಪ್ಟೆಂಬರ 17ಕ್ಕೆ ಆ ಆಳಿಕೆ ಮುಗಿಯಿತು. 1956ರ ನವೆಂಬರ 1ಕ್ಕೆ ನಾಡು ಒಂದಾಯಿತು.

ನಾಡು ಒಂದಾದರೂ ಸ್ಥಿತಿ ಒಂದಾಗಲಿಲ್ಲ. ಶಾಲೆ, ರಸ್ತೆ, ಆಸ್ಪತ್ರೆಗಳಲ್ಲಿ ಹಳೆಯ ಮೈಸೂರು ಸೀಮೆ ಮುಂದಿತ್ತು. ಕನ್ನಡದಲ್ಲಿ ಓದುವುದೇ ದುಸ್ತರವಾಗಿದ್ದ ನಿಜಾಮಶಾಹಿ ಸೀಮೆ ಬಹು ಹಿಂದಿತ್ತು. ಈ ಅಂತರವನ್ನು ಅಳೆಯಲು 2000ದಲ್ಲಿ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ ನೇಮಕವಾಯಿತು. 2002ರಲ್ಲಿ ಬಂದ ಅದರ ವರದಿಯು ರಾಜ್ಯದ 175 ತಾಲೂಕುಗಳಲ್ಲಿ 114 ಹಿಂದುಳಿದವೆಂದೂ, ಅವುಗಳಲ್ಲಿ 39 ಅತ್ಯಂತ ಹಿಂದುಳಿದವೆಂದೂ ಹೇಳಿತು. ಆ 39ರಲ್ಲಿ 21 ಗುಲಬರ್ಗಾ ವಿಭಾಗದವು. ಕುಷ್ಟಗಿ ಮತ್ತು ಯಲಬುರ್ಗೆಗಳ ಹೆಸರು ಆ ಯಾದಿಯಲ್ಲಿವೆ. ವರದಿಯನ್ನು ಕೇಳಿದ್ದು ಕಾಂಗ್ರೆಸ್ ಸರಕಾರ. ಅದರಂತೆ ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಗಳ ವಿಶೇಷ ಯೋಜನೆಯನ್ನು 2007-08ರಿಂದ ಕೈಗೊಂಡದ್ದು ಬೇರೆ ಪಕ್ಷಗಳ ಸರಕಾರ.

371(ಜೆ) ಕಲಮಿನ ಹುಟ್ಟು ಇದಕ್ಕಿಂತ ದೊಡ್ಡ ಒಮ್ಮತದ ಫಲ. ಜನತಾ ಪರಿವಾರದ ವೈಜನಾಥ ಪಾಟೀಲರು ಬೀದಿಯಲ್ಲಿ ಹೋರಾಡಿದರು. ಕಾಂಗ್ರೆಸ್ಸಿನ ಮಲ್ಲಿಕಾರ್ಜುನ ಖರ್ಗೆ, ಧರ್ಮಸಿಂಗ್ ಅವರು ದಿಲ್ಲಿಯಲ್ಲಿ ಪಟ್ಟು ಹಿಡಿದರು. 2012ರ ಮಾರ್ಚಿನಲ್ಲಿ ರಾಜ್ಯದಲ್ಲಿ ಭಾರತೀಯ ಜನತಾ ಪಕ್ಷದ ಸರಕಾರವಿದ್ದಾಗ ವಿಧಾನಮಂಡಲದ ಎರಡೂ ಸದನಗಳು ಈ ಬೇಡಿಕೆಯ ಠರಾವನ್ನು ಸ್ವೀಕರಿಸಿದವು. ಅದೇ ವರ್ಷದ ಡಿಸೆಂಬರಿನಲ್ಲಿ, ಕೇಂದ್ರದಲ್ಲಿ ಕಾಂಗ್ರೆಸ್ ನೇತೃತ್ವದ ಸರಕಾರವಿದ್ದಾಗ, ಸಂಸತ್ತಿನ ಎರಡೂ ಸದನಗಳು ತಿದ್ದುಪಡಿಗೆ ಸಮ್ಮತಿಯನ್ನಿತ್ತವು. ಸಂವಿಧಾನವನ್ನು ತಿದ್ದಲು ಹಾಜರಿದ್ದು ಮತ ಕೊಡುವವರಲ್ಲಿ ಮೂರರಲ್ಲಿ ಎರಡು ಪಾಲು ಬೇಕು. ಅಂದಿನ ಆಳುವ ಕೂಟಕ್ಕೆ ಅಷ್ಟು ಬಲವಿರಲಿಲ್ಲ. ಎದುರು ಪಕ್ಷ ಕೈ ಎತ್ತದಿದ್ದರೆ ಈ ಕಲಮು ಹುಟ್ಟುತ್ತಲೇ ಇರಲಿಲ್ಲವೆಂಬುದನ್ನು ಇಂದು ಅದರ ಕೀರ್ತಿಯನ್ನು ತಮ್ಮೊಬ್ಬರದೇ ಎಂದು ಹೇಳಿಕೊಳ್ಳುವವರು ನೆನೆಯತಕ್ಕದ್ದು.

2013ರಿಂದ ಅದು ಜಾರಿಗೆ ಬಂತು. ಈ ಸೀಮೆಯ ವಿದ್ಯಾಸಂಸ್ಥೆಗಳಲ್ಲಿ ಇಲ್ಲಿಯ ಮಕ್ಕಳಿಗೆ ನೂರಕ್ಕೆ 70 ಸ್ಥಾನ. ಸರಕಾರಿ ಚಾಕರಿಯ ಮೂರನೆಯ ದರ್ಜೆಯಲ್ಲಿ 80, ನಾಲ್ಕನೆಯದರಲ್ಲಿ 85. ರಾಜ್ಯಮಟ್ಟದ ಹುದ್ದೆಗಳಲ್ಲಿ 8. ಇದರೊಡನೆ ಪ್ರತ್ಯೇಕವಾದ ಅಭಿವೃದ್ಧಿ ಮಂಡಳಿ. ಆ ಮೇಲೆಯೂ ಒಮ್ಮತ ಮುಂದುವರಿಯಿತು. 2019ರಲ್ಲಿ ಸೀಮೆಗೆ ಕಲ್ಯಾಣ ಕರ್ನಾಟಕವೆಂಬ ಹೆಸರು ಬಂದಾಗ ಎಲ್ಲರೂ ಒಪ್ಪಿದರು. 2023ರಲ್ಲಿ ಒಂದು ಪಕ್ಷದ ಮುಖ್ಯಮಂತ್ರಿಗಳು ಮಂಡಳಿಗೆ 5,000 ಕೋಟಿ ರೂಪಾಯಿ ಸಾರಿದರು. ಅದೇ ವರ್ಷ ಅಧಿಕಾರಕ್ಕೆ ಬಂದ ಇನ್ನೊಂದು ಪಕ್ಷದವರು ಆ ಮೊತ್ತವನ್ನು ಕಡಮೆ ಮಾಡಲಿಲ್ಲ. ಇಂಥ ನಡತೆ ನಮ್ಮ ರಾಜಕಾರಣದಲ್ಲಿ ದುರ್ಲಭ. ಅದನ್ನು ನಾವು ಮನಃಪೂರ್ವಕವಾಗಿ ಮೆಚ್ಚುತ್ತೇವೆ.

ಮೆಚ್ಚಿ ಸುಮ್ಮನಿರಲು ಮಾತ್ರ ನಮಗೆ ಸಾಧ್ಯವಿಲ್ಲ. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯ ಫಲಿತಾಂಶವನ್ನು ಶಿಕ್ಷಕರಾದ ನಮ್ಮ ವಾಚಕರು ನೋಡಿರಬಹುದು. ಮೊದಲ ಸ್ಥಾನದ ದಕ್ಷಿಣ ಕನ್ನಡದಲ್ಲಿ ನೂರಕ್ಕೆ 91.12 ಮಕ್ಕಳು ತೇರ್ಗಡೆಯಾದರೆ, ಕೊನೆಯ ಸ್ಥಾನದ ಕಲಬುರಗಿಯಲ್ಲಿ 42.43. ಅದರ ಹಿಂದಿನ ವರ್ಷ ಕೊನೆಗಿದ್ದದ್ದು ಯಾದಗಿರಿ. ಕಲಮು ಜಾರಿಗೆ ಬಂದ ವರ್ಷ ಅಂಗನವಾಡಿಯಲ್ಲಿದ್ದ ಕೂಸುಗಳೇ ಈ ಪರೀಕ್ಷೆಗೆ ಕುಳಿತ ಮಕ್ಕಳು. ಅವರ ಇಡೀ ವಿದ್ಯಾಭ್ಯಾಸವು ಈ ಕಲಮಿನ ನೆರಳಿನಲ್ಲಿಯೇ ಕಳೆಯಿತು. ಸಂವಿಧಾನ ಕೊಟ್ಟಿತು, ಬೊಕ್ಕಸ ಕೊಟ್ಟಿತು, ಮಗುವಿನ ಕೈಗೆ ಮುಟ್ಟಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಗೆ ಬೇರೆ ಉದಾಹರಣೆ ಬೇಕೆ?

ಇದಕ್ಕೆ ಕಾರಣವೇನು? ಒಂದು ಪಕ್ಷ ವಿರೋಧಿಸಿದ ಕಾರ್ಯಕ್ಕೆ ವಿರೋಧಿಸಿದವರೇ ಕಾವಲುಗಾರರಾಗುತ್ತಾರೆ. ದಿನದಿನವೂ ತಪ್ಪು ಹುಡುಕುತ್ತಾರೆ, ಲೆಕ್ಕ ಕೇಳುತ್ತಾರೆ. ಎಲ್ಲರೂ ಒಪ್ಪಿದ ಕಾರ್ಯಕ್ಕೆ ಅಂಥ ಕಾವಲಿಲ್ಲ. ಪ್ರತಿಯೊಬ್ಬನೂ ಅದು ತನ್ನದೇ ಎನ್ನುತ್ತಾನೆ. ಅದು ಹಿಂದೆ ಬಿದ್ದರೆ ಹೊಣೆ ಮಾತ್ರ ಯಾರದೂ ಅಲ್ಲ. ಹತ್ತು ಮಂದಿ ಸೇರಿದಲ್ಲಿ ಹಾವು ಸಾಯದೆಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಹುಲಿಗಿಯ ನೆರೆಯಲ್ಲಿಯೇ ಇದರ ಎರಡು ದೃಷ್ಟಾಂತಗಳಿವೆ. ಒಂದು ಮುನಿರಾಬಾದ-ಮೆಹಬೂಬನಗರ ರೈಲುಮಾರ್ಗ. ಅದು ಮಂಜೂರಾದದ್ದು 1997-98ರಲ್ಲಿ. ಅದು ಬೇಡವೆಂದ ಪಕ್ಷವನ್ನು ನಾವು ಕಾಣೆವು. ಹೀಗಿದ್ದರೂ ಗಂಗಾವತಿಗೆ ರೈಲು ಬಂದದ್ದು 2019ರಲ್ಲಿ, ಸಿಂಧನೂರಿಗೆ 2024ರಲ್ಲಿ. ಮಂಜೂರಾತಿಯ ಸುದ್ದಿ ಕೇಳಿ ಹಿಗ್ಗಿದ ತರುಣ ಮುದುಕನಾಗುವ ಹೊತ್ತಿಗೆ ರೈಲಿನ ಸಿಳ್ಳು ಕೇಳಿದನು.

ಇನ್ನೊಂದು, ಅನತಿ ದೂರದಲ್ಲಿ ನಿಂತಿರುವ ತುಂಗಭದ್ರೆಯ ಅಣೆಕಟ್ಟು. 1945ರ ಫೆಬ್ರುವರಿಯಲ್ಲಿ ಇದಕ್ಕೆ ಒಂದು ದಡದಲ್ಲಿ ಮದ್ರಾಸಿನ ಇಂಗ್ಲಿಷ್ ಗವರ್ನರರೂ ಇನ್ನೊಂದು ದಡದಲ್ಲಿ ನಿಜಾಮನ ಹಿರಿಯ ರಾಜಕುಮಾರರೂ ಅಡಿಗಲ್ಲು ಇಟ್ಟರು. ಮುಂದಿನ ಎಂಟು ವರ್ಷಗಳಲ್ಲಿ ಇಂಗ್ಲಿಷರು ಹೋದರು, ನಿಜಾಮನ ಆಳಿಕೆ ಹೋಯಿತು, ಮದ್ರಾಸು ಒಡೆದು ಆಂಧ್ರವಾಯಿತು, ಬಳ್ಳಾರಿ ಮೈಸೂರಿಗೆ ಸೇರಿತು. ಆಳುವವರು ಇಷ್ಟು ಸಲ ಬದಲಾದರೂ ಕೆಲಸ ಕೈಬಿಡಲಿಲ್ಲ. 1953ರಲ್ಲಿ ನೀರು ನಿಂತಿತು. ಯಾಕಂದರೆ ಯಾವ ದಡಕ್ಕೆ ಎಷ್ಟು ನೀರು, ಯಾರ ಖರ್ಚು ಎಷ್ಟು, ಯಾರ ಎಂಜಿನಿಯರರು ಯಾವ ಭಾಗಕ್ಕೆ ಹೊಣೆ ಎಂಬ ಲೆಕ್ಕ ಕಾಗದದ ಮೇಲಿತ್ತು. ಎಡದಂಡೆಯ ಕಾಲುವೆಯಿಂದ ಗಂಗಾವತಿ ಭತ್ತದ ಕಣಜವಾಯಿತು. ಅದೇ ಅಣೆಕಟ್ಟೆಯೇ ಎಚ್ಚರಿಕೆಯನ್ನೂ ಕೊಟ್ಟಿದೆ. 2024ರ ಆಗಸ್ಟ 10ರ ರಾತ್ರಿ ಹತ್ತೊಂಬತ್ತನೆಯ ಗೇಟಿನ ಸರಪಳಿ ಕಡಿದು, ರೈತರು ಬೆಳೆಗೆಂದು ನೆಚ್ಚಿದ ನೀರು ದಿನಗಟ್ಟಲೆ ಹೊಳೆಗೆ ಹರಿಯಿತು. ಹರಿಯುವ ನೀರಿನಲ್ಲಿಯೇ ತಾತ್ಪೂರ್ತಿಕ ಗೇಟು ಕೂಡಿಸಿದ ತಂತ್ರಜ್ಞರನ್ನೂ ಕೂಲಿಕಾರರನ್ನೂ ನಾಡು ಹೊಗಳಿತು, ಹೊಗಳಿದ್ದು ಸರಿಯೇ. ಎಲ್ಲರಿಗೂ ಬೇಕಾದ ಅಣೆಕಟ್ಟಿನ ಸರಪಳಿಯನ್ನೂ ವರ್ಷವರ್ಷ ಒಬ್ಬರು ಮುಟ್ಟಿ ನೋಡಲೇಬೇಕೆಂಬ ಪಾಠವನ್ನು ನಾಡು ಮರೆಯಬಾರದು.

ಕಲಮಿನ ವಿಷಯದಲ್ಲಿ ಹೀಗೆ ಮುಟ್ಟಿ ನೋಡುವ ದಾರಿಯನ್ನು ಸಂವಿಧಾನವೇ ಬರೆದಿಟ್ಟಿದೆ. ಅಭಿವೃದ್ಧಿ ಮಂಡಳಿಯ ಕಾರ್ಯದ ವರದಿಯನ್ನು ಪ್ರತಿವರ್ಷ ರಾಜ್ಯದ ವಿಧಾನಸಭೆಯ ಮುಂದಿಡತಕ್ಕದ್ದೆಂದು ಅದೇ ಕಲಮಿನಲ್ಲಿ ಹೇಳಿದೆ. ಮೀಸಲಾತಿಯ ಅಂಕೆಗಳನ್ನು ಬಾಯಿಪಾಠ ಹೇಳುವ ನಮ್ಮ ತರುಣರಲ್ಲಿ ಈ ಒಂದು ವಾಕ್ಯವನ್ನು ಬಲ್ಲವರು ಎಷ್ಟು ಮಂದಿ? ನಮ್ಮ ಅಭಿಪ್ರಾಯದಲ್ಲಿ ಇಡೀ ಕಲಮಿನ ಜೀವ ಈ ವಾಕ್ಯದಲ್ಲಿದೆ.

ಇಲ್ಲಿ ಎರಡು ಆಕ್ಷೇಪಗಳನ್ನು ಪರಿಶೀಲಿಸಬೇಕು. ಪಕ್ಷಗಳೆಲ್ಲ ಒಂದಾದರೆ ಪ್ರಜಾಪ್ರಭುತ್ವವೆಲ್ಲಿ ಉಳಿಯಿತೆಂದು ಕೆಲವರು ಕೇಳುತ್ತಾರೆ. ಗುರಿಯಲ್ಲಿ ಒಮ್ಮತವಿರಲಿ, ಲೆಕ್ಕದಲ್ಲಿ ಜಗಳವಿರಲಿ ಎಂಬುದೇ ನಮ್ಮ ಉತ್ತರ. ಒಂದು ಸೀಮೆಗೆ ವಿಶೇಷ ಸವಲತ್ತು ಕೊಟ್ಟರೆ ಕೂಡಿದ ಕರ್ನಾಟಕ ಒಡೆದೀತೆಂದು ಇನ್ನು ಕೆಲವರ ಭಯ. ಏಕೀಕರಣವನ್ನು ಎತ್ತಿ ಹಿಡಿದ ನಮಗೆ ಆ ಭಯ ಅರ್ಥವಾಗುತ್ತದೆ. ಆದರೆ ಅದನ್ನು ನಾವು ಒಪ್ಪಲಾರೆವು. ಒಂದೇ ಮನೆಯಲ್ಲಿ ಒಬ್ಬ ತಮ್ಮ ಉಪವಾಸವಿದ್ದರೆ ಮನೆ ಒಡೆಯುವುದು ಅವನಿಗೆ ಅನ್ನ ಬಡಿಸಿದ್ದರಿಂದಲ್ಲ, ಬಡಿಸದೆ ಇದ್ದುದರಿಂದ. ಈ ಸೀಮೆಯೊಳಗೂ ಅದೇ ನ್ಯಾಯ. ಗಂಗಾವತಿ ಹಸುರಾಗಿದ್ದಾಗ ಪಕ್ಕದ ಕುಷ್ಟಗಿ ಯಲಬುರ್ಗೆಗಳ ಎರೆಮಸಾರಿಗಳು ಮುಗಿಲನ್ನು ನೋಡುತ್ತಿವೆ. ಕೃಷ್ಣೆಯ ನೀರನ್ನು ಏತದಿಂದ ತರುವ ಮಾತನ್ನು ಅಲ್ಲಿಯ ರೈತರು ಚುನಾವಣೆಯಿಂದ ಚುನಾವಣೆಗೆ ಕೇಳುತ್ತ ಬಂದಿದ್ದಾರೆ.

ಆದುದರಿಂದ ಈ ಸೀಮೆಯ 41 ಮಂದಿ ಶಾಸಕರಲ್ಲಿ ನಮ್ಮ ವಿನಂತಿ ಇಷ್ಟು. ಮಂಡಳಿಯ ವಾರ್ಷಿಕ ವರದಿ ಸದನದ ಮೇಜಿನ ಮೇಲೆ ಬಿದ್ದು ಧೂಳು ತಿನ್ನಬಾರದು; ಪ್ರತಿವರ್ಷ ಅದಕ್ಕೆಂದೇ ಎರಡು ದಿನಗಳನ್ನು ತೆಗೆದಿರಿಸಿ ಚರ್ಚಿಸತಕ್ಕದ್ದು. ಯಾವ ತಾಲೂಕಿಗೆ ಎಷ್ಟು ಕೊಟ್ಟರು, ಎಷ್ಟು ಖರ್ಚಾಯಿತು, ಎಷ್ಟು ಉಳಿಯಿತು ಎಂಬುದನ್ನು ಸುಲಭವಾದ ಕನ್ನಡದಲ್ಲಿ ಅಚ್ಚು ಹಾಕಿಸಿ ಗ್ರಾಮ ಪಂಚಾಯತಿಗಳ ಗೋಡೆಗೆ ಅಂಟಿಸತಕ್ಕದ್ದು. ಶಾಲೆಗಳಲ್ಲಿ ಖಾಲಿ ಬಿದ್ದ ಹುದ್ದೆಗಳ ಯಾದಿಯನ್ನು, ಅವನ್ನು ತುಂಬುವ ತಾರೀಖಿನೊಡನೆ ಪ್ರಕಟಿಸತಕ್ಕದ್ದು. ಮಾತು ಕೊಡುವಾಗ ಪಕ್ಷ ಮರೆತವರು ಲೆಕ್ಕ ಕೇಳುವಾಗಲೂ ಮರೆಯಲಿ. ತಮ್ಮದೇ ಪಕ್ಷದ ಮಂತ್ರಿಯನ್ನು ಎದ್ದು ನಿಂತು ಪ್ರಶ್ನಿಸಲಿ.

ವಾಚಕರ ಹೊಣೆಯೂ ಸಣ್ಣದಲ್ಲ. ಊರಿನಲ್ಲಿ ಓದಬಲ್ಲವರು, ಬರೆಯಬಲ್ಲವರು ನೀವು. ನಿಮ್ಮ ಶಾಲೆಯ ಮಂಜೂರಾದ ಹುದ್ದೆಗಳೆಷ್ಟು, ತುಂಬಿದವೆಷ್ಟು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಶಾಸಕರಿಗೆ ಕೊಡುವುದಕ್ಕೆ ಯಾವ ಪಕ್ಷದ ಸದಸ್ಯತ್ವವೂ ಬೇಕಾಗಿಲ್ಲ. ಮುಂದಿನ ಹುಣ್ಣಿಮೆಗೆ ಹುಲಿಗಿಯ ಸಾಲಿನಲ್ಲಿ ನಿಂತಾಗ ಹಿಂದಿನವರಿಗೂ ಮುಂದಿನವರಿಗೂ ಆ ಹಾಳೆಯ ಮಾತು ಹೇಳಿರಿ. ಎಲ್ಲರೂ ಒಪ್ಪಿದ ಮಾತನ್ನು ಎಲ್ಲರೂ ಕಾದಾಗ ಮಾತ್ರ ಅದು ಮಗುವಿನ ಕೈಗೆ ಮುಟ್ಟುವುದು.