ಏರ್ಕಾಡಿನ ಮಂಜು, ಆಲ್ಪ್ಸಿನ ಹಿಮ

ಸೇಲಂ ನಗರದಿಂದ ಏರ್ಕಾಡಿಗೆ ಏರುವ ಘಟ್ಟದ ರಸ್ತೆಯಲ್ಲಿ 20 ಕಡಿದಾದ ತಿರುವುಗಳಿವೆ. ಚಳಿಗಾಲದ ಮುಂಜಾನೆ ಬಸ್ಸು ಮಂಜಿನೊಳಗೆ ಹೊಕ್ಕರೆ ಎದುರಿನ ವಾಹನದ ದೀಪವಲ್ಲದೆ ಬೇರೇನೂ ಕಾಣದು. ಈ ಸೀಮೆಯ ಕನ್ನಡ ಮನೆಗಳಲ್ಲಿ 'ಮಂಜು' ಎಂದರೆ ಇದೇ. ಕಾಫಿ ತೋಟಗಳ ಮೇಲೆ ಇಳಿದು ಬಿಸಿಲೇರುತ್ತಲೇ ಕರಗಿಹೋಗುವಂಥದ್ದು. ಆದ್ದರಿಂದ ಜರ್ಮನಿಯಲ್ಲಿ ಓದುತ್ತಿರುವ ಮಗ ದೂರವಾಣಿಯಲ್ಲಿ 'ಶನಿವಾರ ಮಂಜಿನ ಮೇಲೆ ಜಾರುವ ಆಟಕ್ಕೆ ಹೋಗುತ್ತೇನಮ್ಮ' ಎಂದರೆ, ತಾಯಿಯ ಕಣ್ಮುಂದೆ ಬರುವುದು ದಾರಿ ಕಾಣದ ಘಟ್ಟ, ಅದರ ಪಕ್ಕದ ಕಮರಿ. ಆಕೆಯ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ಅದು ಕಂಡುಂಡ ಅನುಭವದಿಂದ ಹುಟ್ಟಿದ್ದು.

ಸೇಲಂನ ನೇಕಾರ ಬೀದಿಯ ದೇವಾಂಗರ ಮನೆಯೊಂದರಿಂದ ಹೊರಟು, ಮ್ಯೂನಿಕ್ ನಗರದಲ್ಲಿ ಮೊದಲ ಚಳಿಗಾಲ ಕಳೆಯುತ್ತಿರುವ ಒಬ್ಬ ವಿದ್ಯಾರ್ಥಿಯನ್ನು ಕಲ್ಪಿಸಿಕೊಳ್ಳಬಹುದು. ಜರ್ಮನಿಗೆ ಓದಲು ಹೋಗುವವರು ಸಾಮಾನ್ಯವಾಗಿ ಒಂದು ವರ್ಷದ ಜೀವನವೆಚ್ಚವನ್ನು ಮುಂಚಿತವಾಗಿಯೇ ವಿಶೇಷ ಖಾತೆಯೊಂದರಲ್ಲಿ ಇಟ್ಟು ತೋರಿಸಬೇಕು. ಅದರಿಂದ ತಿಂಗಳಿಗೆ ಇಷ್ಟೇ ಎಂದು ಹಣ ಬಿಡುಗಡೆಯಾಗುತ್ತದೆ. 2024ರ ಸೆಪ್ಟೆಂಬರಿನಿಂದ ಆ ಮೊತ್ತ 992 ಯೂರೋ. ಕೋಣೆಯ ಬಾಡಿಗೆ, ಆರೋಗ್ಯ ವಿಮೆ, ಊಟ ಎಲ್ಲವೂ ಅದರಲ್ಲೇ ಆಗಬೇಕು. ಮನೆಯಲ್ಲಿ ಸಾಲ ತೆಗೆದು ಕಳುಹಿಸಿದ ಹಣದಲ್ಲಿ ಆಟಕ್ಕೆ ಹೋಗುವುದೇ ಎಂಬ ಸಂಕೋಚ ಆತನನ್ನು ತಡೆಯುತ್ತದೆ. ಆದರೆ ಬವೇರಿಯ ಪ್ರಾಂತದ ಒಂದು ದಿನದ ರೈಲು ಚೀಟಿಯಲ್ಲಿ ಐದು ಜನರವರೆಗೆ ಕೂಡಿ ಪ್ರಯಾಣ ಮಾಡಬಹುದು. ಸಹಪಾಠಿಗಳು ನಾಲ್ವರಿದ್ದಾರೆ. 'ಐದನೆಯವನಾಗಿ ನೀನು ಬಾ' ಎಂಬ ಕರೆಯನ್ನು ಒಲ್ಲೆನೆನ್ನುವುದು ಇಪ್ಪತ್ತೆರಡರ ಹರೆಯದಲ್ಲಿ ಸುಲಭವಲ್ಲ.

ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ ಸಾಗಿದರೆ ಗಾರ್ಮಿಷ್-ಪಾರ್ಟೆನ್‌ಕಿರ್ಷೆನ್ ಸಿಗುತ್ತದೆ. 1936ರ ಚಳಿಗಾಲದ ಒಲಿಂಪಿಕ್ಸ್ ನಡೆದ ಊರು ಅದು. ಬಳಿಯಲ್ಲೇ ಜರ್ಮನಿಯ ಅತಿ ಎತ್ತರದ ಶಿಖರವಾದ ತ್ಸುಗ್‌ಸ್ಪಿಟ್ಸೆ ಇದೆ. ಅದರ ಎತ್ತರ 2,962 ಮೀಟರ್. ತಮಿಳುನಾಡಿನ ದೊಡ್ಡಬೆಟ್ಟ 2,637 ಮೀಟರ್. ಎತ್ತರದಲ್ಲಿ ಇವೆರಡರ ನಡುವೆ ಅಂತಹ ಅಂತರವೇನೂ ಇಲ್ಲ. ಆದರೂ ಉದಕಮಂಡಲದಲ್ಲಿ ಚಳಿಗಾಲದ ಕೆಲವು ಮುಂಜಾವುಗಳಲ್ಲಿ ಹುಲ್ಲಿನ ಮೇಲಿನ ಇಬ್ಬನಿ ಹೆಪ್ಪುಗಟ್ಟುವುದುಂಟೇ ಹೊರತು, ಬೆಟ್ಟಕ್ಕೆ ಹಿಮದ ಹೊದಿಕೆ ಬೀಳುವುದಿಲ್ಲ. ಭೂಮಧ್ಯರೇಖೆಗೆ ಹತ್ತಿರವಿರುವ ನೀಲಗಿರಿಗೆ ವರ್ಷವಿಡೀ ಸೂರ್ಯನ ಕೃಪೆ ಇದೆ. 47 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಆ ಶಿಖರಕ್ಕೆ ಚಳಿಗಾಲದಲ್ಲಿ ಅದಿಲ್ಲ.

'ಸ್ಕೀ' ಎಂಬ ಮಾತು ನಾರ್ವೆಯ ಕಡೆಯಿಂದ ಬಂದದ್ದು. ಸೀಳಿದ ಮರದ ತುಂಡು ಎಂಬುದು ಅದರ ಮೂಲಾರ್ಥ. ಹಿಮ ಮುಚ್ಚಿದ ನಾಡಿನಲ್ಲಿ ಬೇಟೆಗೂ ಪ್ರಯಾಣಕ್ಕೂ ಕಾಲಿಗೆ ಹಲಗೆ ಕಟ್ಟಿಕೊಂಡ ಜನರ ಉಪಾಯ ಮುಂದೆ ಆಟವಾಯಿತು. ಹೊಸಬನಿಗೆ ಕಲಿಸುವ ಮೊದಲ ಪಾಠ ಓಡುವುದಲ್ಲ, ನಿಲ್ಲುವುದು. ಎರಡೂ ಹಲಗೆಗಳ ಮುಂತುದಿಗಳನ್ನು ಹತ್ತಿರ ತಂದು, ಹಿಮ್ಮಡಿಗಳನ್ನು ಹೊರಕ್ಕೆ ಒತ್ತಬೇಕು. ಆಗ ಹಲಗೆಯ ಒಳ ಅಂಚು ಹಿಮವನ್ನು ಕಚ್ಚಿ ವೇಗ ತಗ್ಗುತ್ತದೆ. ಜರ್ಮನ್ ಭಾಷೆಯಲ್ಲಿ ಈ ಭಂಗಿಗೆ 'ನೇಗಿಲು' ಎಂದೇ ಹೆಸರು. ಧರ್ಮಪುರಿಯ ಹೊಲಗಳನ್ನು ಕಂಡವನಿಗೆ ಆ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಗೇನಕಲ್ಲಿನಲ್ಲಿ ಹರಿಗೋಲು ಏರಿದವನಿಗೆ ಇನ್ನೊಂದು ಮಾತೂ ತಿಳಿದಿರುತ್ತದೆ: ಹೆದರಿ ಒಂದು ಕಡೆಗೆ ವಾಲಿದವನೇ ಮೊದಲು ಅಪಾಯ ತರುತ್ತಾನೆ. ಇಳಿಜಾರಿನಲ್ಲಿಯೂ ಹಾಗೆಯೇ. ಹೆದರಿ ಹಿಂದಕ್ಕೆ ಬಾಗಿದರೆ ಹಲಗೆ ಹಿಡಿತ ತಪ್ಪುತ್ತದೆ; ಮೊಣಕಾಲು ಮಡಿಸಿ ಮುಂದಕ್ಕೆ ಭಾರ ಕೊಟ್ಟರೆ ಮಾತು ಕೇಳುತ್ತದೆ.

ಈ ಆಟಕ್ಕೆ ಕಟ್ಟುಪಾಡುಗಳಿವೆ. ಅಂತರರಾಷ್ಟ್ರೀಯ ಸ್ಕೀ ಸಂಸ್ಥೆಯು ಹತ್ತು ನಿಯಮಗಳನ್ನು ವಿಧಿಸಿದೆ. ಅವುಗಳಲ್ಲಿ ಮುಖ್ಯವಾದುದೊಂದು: ಮುಂದೆ ಹೋಗುವವನ ದಾರಿಗೆ ಹಿಂದಿನಿಂದ ಬರುವವನು ಅಡ್ಡಿಯಾಗಬಾರದು, ತಪ್ಪಿಸಿಕೊಂಡು ಸಾಗುವ ಹೊಣೆ ಹಿಂದಿನವನದೇ. ಜರ್ಮನಿ, ಆಸ್ಟ್ರಿಯಗಳಲ್ಲಿ ನೀಲಿ ಗುರುತಿನ ಇಳಿಜಾರು ಸುಲಭ, ಕೆಂಪು ಮಧ್ಯಮ, ಕಪ್ಪು ಕಠಿಣ. ಹೊಸದಾಗಿ ಬಿದ್ದ ಹಿಮವು ನೇರಳಾತೀತ ಕಿರಣಗಳಲ್ಲಿ ನೂರಕ್ಕೆ ಎಂಬತ್ತರಷ್ಟನ್ನು ಹಿಂದಿರುಗಿಸುವುದರಿಂದ, ಸೇಲಂನ ಬಿಸಿಲಿಗೆ ಬಗ್ಗದ ಚರ್ಮವೂ ಅಲ್ಲಿ ಸುಡುತ್ತದೆ. ತಕ್ಕ ಕನ್ನಡಕವಿಲ್ಲದ ಕಣ್ಣು ನೋಯುತ್ತದೆ.

ನಿಜವಾದ ಪರೀಕ್ಷೆ ಬರುವುದು ಮಧ್ಯಾಹ್ನದ ನಂತರ. ಬೆಳಗಿನಿಂದ ಬಿದ್ದೆದ್ದು ಕಾಲು ಸೋತಿರುತ್ತದೆ. ನೀಲಿ ಇಳಿಜಾರಿನಲ್ಲಿ ನಾಲ್ಕು ಬಾರಿ ಬೀಳದೆ ಇಳಿದ ಉತ್ಸಾಹವೂ ಇರುತ್ತದೆ. ಸ್ನೇಹಿತರು ಕೆಂಪಿನ ಕಡೆ ಹೊರಡುತ್ತಾರೆ. ದಿನದ ಚೀಟಿಯ ಹಣವನ್ನು ಪೂರ್ತಿ ದುಡಿಸಿಕೊಳ್ಳಬೇಕೆಂಬ ಲೆಕ್ಕಾಚಾರ ಒಂದೆಡೆ, ಹಿಂದುಳಿದವನೆನಿಸಿಕೊಳ್ಳುವ ನಾಚಿಕೆ ಇನ್ನೊಂದೆಡೆ. ಈ ಆಟದಲ್ಲಿ ಹೆಚ್ಚಾಗಿ ಪೆಟ್ಟು ತಿನ್ನುವುದು ಮೊಣಕಾಲು. ಅದರ ಕಟ್ಟು ಹರಿದರೆ ತಿಂಗಳುಗಟ್ಟಲೆ ನಡಿಗೆ ಕಷ್ಟ, ಪರೀಕ್ಷೆಗೆ ಕೂರುವುದು ಕಷ್ಟ, ಸಂಜೆಯ ಅರೆಕಾಲಿಕ ಕೆಲಸವೂ ಇಲ್ಲ. 'ನೀವು ಹೋಗಿ ಬನ್ನಿ, ಇವತ್ತಿಗೆ ನನಗಿದೇ ಸಾಕು' ಎಂದು ಹೇಳಬಲ್ಲವನೇ ಆ ದಿನದ ಪಾಠವನ್ನು ಕಲಿತವನು.

ಹಣದ ಮಾತಿನಲ್ಲಿ ಇನ್ನೊಂದು ಎಚ್ಚರ ಬೇಕು. ವಿದ್ಯಾರ್ಥಿಯ ಆರೋಗ್ಯ ವಿಮೆ ಆಸ್ಪತ್ರೆಯ ಚಿಕಿತ್ಸೆಗೆ ಒದಗುತ್ತದೆ. ಬೆಟ್ಟದಿಂದ ಹೆಲಿಕಾಪ್ಟರಿನಲ್ಲಿ ಇಳಿಸಿದ ವೆಚ್ಚಕ್ಕೆ, ಅದರಲ್ಲಿಯೂ ಗಡಿಯಾಚೆಯ ಆಸ್ಟ್ರಿಯದಲ್ಲಿ, ಒದಗದೆ ಹೋಗಬಹುದು. ಆ ಭಾರ ಬಿದ್ದರೆ ಹಲವು ತಿಂಗಳ ಜೀವನವೆಚ್ಚ ಒಂದೇ ದಿನದಲ್ಲಿ ಕರಗುತ್ತದೆ. ಜರ್ಮನಿ, ಆಸ್ಟ್ರಿಯಗಳ ಆಲ್ಪೈನ್ ಸಂಘಗಳ ಸದಸ್ಯತ್ವದೊಂದಿಗೇ ರಕ್ಷಣಾ ವಿಮೆಯೂ ದೊರೆಯುತ್ತದೆ. ಹೊರಡುವ ಮುನ್ನ ಇದನ್ನು ವಿಚಾರಿಸಿಕೊಳ್ಳುವುದು ವಿವೇಕ. ಐರೋಪ್ಯ ಒಕ್ಕೂಟದ ದೇಶಗಳಲ್ಲೆಲ್ಲ ತುರ್ತು ಕರೆಯ ಸಂಖ್ಯೆ 112. ದೂರವಾಣಿ ಕೈಕೊಟ್ಟರೆ ಆಲ್ಪ್ಸಿನಲ್ಲಿ ರೂಢಿಯಲ್ಲಿರುವ ಸಂಕೇತವೊಂದಿದೆ: ಒಂದು ನಿಮಿಷದಲ್ಲಿ ಆರು ಬಾರಿ ಕೂಗು, ಸೀಟಿ ಅಥವಾ ಬೆಳಕು; ಒಂದು ನಿಮಿಷ ಬಿಡುವು; ಮತ್ತೆ ಆರು.

ಇವೆಲ್ಲಕ್ಕಿಂತ ಮೊದಲಿನದು ಮನೆಗೆ ತಿಳಿಸಿ ಹೋಗುವುದು. ಬೈಗುಳಕ್ಕೆ ಹೆದರಿ ಮರೆಮಾಚುವ ಮಕ್ಕಳುಂಟು. ಕಾಲು ಮುರಿದ ಸುದ್ದಿಯೇ ಮನೆಯವರಿಗೆ ಪ್ರವಾಸದ ಮೊದಲ ಸುದ್ದಿಯಾದರೆ, ಆ ಬಳಿಕ ಮಗ ಆಡುವ ಯಾವ ಮಾತನ್ನೂ ಅವರು ನಿಶ್ಚಿಂತೆಯಿಂದ ನಂಬಲಾರರು. ಹೆತ್ತವರೂ ಒಂದನ್ನು ನೆನಪಿಡಬೇಕು. ಹೇಳಿದೊಡನೆ ಗದರಿಸಿದರೆ ಮುಂದಿನ ಸಲ ಹೇಳುವವರು ಇರುವುದಿಲ್ಲ.

ಹೇಳಲು ಮಾತೂ ಬೇಕು. ಶಾಲೆಯಲ್ಲಿ ತಮಿಳು, ಕಾಲೇಜಿನಲ್ಲಿ ಇಂಗ್ಲಿಷ್ ಕಲಿತ ಈ ಸೀಮೆಯ ಮಕ್ಕಳಿಗೆ ಕನ್ನಡವು ಅಡುಗೆಮನೆ, ಜಗುಲಿಗಳ ಭಾಷೆ. 'ಊಟವಾಯಿತೆ, ಮಲಗಿದೆಯಾ' ಎಂಬುದರಾಚೆಗೆ ಅದನ್ನು ಕೊಂಡೊಯ್ಯುವ ಸಂದರ್ಭಗಳು ಕಡಿಮೆ. ತಮಿಳರು ಇಬ್ಬನಿಗೂ ಹಿಮಕ್ಕೂ 'ಪನಿ' ಎಂದೇ ಅನ್ನುತ್ತಾರೆ. ಹಳಗನ್ನಡದ 'ಪನಿ' ನಮ್ಮಲ್ಲಿ 'ಹನಿ'ಯಾಗಿ ನೀರಿನಲ್ಲೇ ಉಳಿಯಿತು. 'ಹಿಮ' ಪುಸ್ತಕದ ಮಾತು. 'ಮಂಜು' ಏರ್ಕಾಡಿಗೆ ಸೇರಿದ್ದು. ಭಾನುವಾರ ರಾತ್ರಿ ಮೈಕೈ ನೋವಿನಲ್ಲಿ ಕೋಣೆಗೆ ಮರಳಿದವನನ್ನು ತಾಯಿ ಕೇಳುತ್ತಾಳೆ:

'ಮುಟ್ಟಿದರೆ ಹೇಗಿರುತ್ತದಪ್ಪ ಅದು?'

ಆತ ತುಸು ಹೊತ್ತು ಯೋಚಿಸುತ್ತಾನೆ.

'ಅರಳೆಯ ಹಾಗಮ್ಮ. ಆದರೆ ಹಿಂಡಿದರೆ ಕಲ್ಲಾಗುತ್ತದೆ. ಹಿಡಿದುಕೊಂಡೇ ಇದ್ದರೆ ನೀರಾಗುತ್ತದೆ.'

ಮಗ್ಗದ ಮನೆಯ ತಾಯಿಗೆ ಅಷ್ಟು ಸಾಕು. ಈಗ ಆಕೆಯ ಕಣ್ಮುಂದೆ ಏರ್ಕಾಡಿನ ತಿರುವುಗಳಿಲ್ಲ.